ಮನೆಯ ಹಳೆಯ ವಸ್ತುಗಳ ಪ್ರದರ್ಶನ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಡಿಸೆಂಬರ್ ಎರಡನೇ ಶನಿವಾರ ನಮ್ಮ ಶಾಲೆಯ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳು ಧಾರ್ಮಿಕ, ಸಾಂಸ್ಕೃತಿಕ ವಸ್ತುಗಳ ಪ್ರದರ್ಶನ ನಡೆಸಲಿದ್ದಾರೆ. ಊರು ಬಿಟ್ಟು ಮುಂಬಯಿಗೆ ಬರುವಾಗ ಹಿರಿಯರು ಟ್ರಂಕಿನಲ್ಲಿ ತಂದ ತಾಳೆಗರಿ ಕಟ್ಟು, ಕರಡಿಗೆ, ಚೌಡಿಕೆ, ಯಕ್ಷಗಾನದ ಗೆಜ್ಜೆ, ಪ್ರಾರ್ಥನೆ ಪುಸ್ತಕ, ಉರುಸಿನ ಫೋಟೊ, ಏನಿದ್ದರೂ ಎರಡು ವಾರದ ಮಟ್ಟಿಗೆ ಕೊಡಿ.

ಮಕ್ಕಳು ಮಾದರಿಯಾಗಿ ಇಟ್ಟುಕೊಂಡಿರುವುದು ಜರ್ಮನಿಯ ಹಾಲೆ ನಗರದ ಫ್ರಾಂಕೆ ಪ್ರತಿಷ್ಠಾನವನ್ನು. ಆಗಸ್ಟ್ ಹೆರ್ಮಾನ್ ಫ್ರಾಂಕೆ ಎಂಬ ಪಾದ್ರಿ ಅಲ್ಲಿನ ಅನಾಥಾಲಯಕ್ಕೆ 1698ರಲ್ಲಿ ಅಡಿಗಲ್ಲು ಹಾಕಿದರು. ಶಾಲೆಯ ಪಾಠಕ್ಕೆಂದೇ ಅಲ್ಲೊಂದು ಸಂಗ್ರಹ ಬೆಳೆಯಿತು. ಗ್ರುಂಡ್ಲರ್ ಎಂಬ ಕಲಾವಿದರು 1736ರಿಂದ 1741ರವರೆಗೆ ಅದನ್ನು ಬೀರುಗಳಲ್ಲಿ ವಿಂಗಡಿಸಿ, ಒಳಗೇನಿದೆ ಎಂಬುದನ್ನು ಬೀರುವಿನ ನೆತ್ತಿಯ ಮೇಲೆ ಚಿತ್ರವಾಗಿ ಬರೆದರು. ಸುಮಾರು 3,000 ವಸ್ತುಗಳ ಆ ಸಂಗ್ರಹವನ್ನು ಅನಾಥಾಲಯದ ಅಟ್ಟದಲ್ಲಿ ಇಂದಿಗೂ ನೋಡಬಹುದು.

ತಮಿಳುನಾಡಿನ ತರಂಗಂಬಾಡಿಗೆ 1706ರಲ್ಲಿ ಬಂದ ಸೀಗೆನ್‌ಬಾಲ್ಗ್ ಎಂಬ ಜರ್ಮನ್ ಪಾದ್ರಿ ತಮಿಳು ತಾಳೆಗರಿಗಳನ್ನು ಓದಿ, ದಕ್ಷಿಣದ ದೇವತೆಗಳ ಕುರಿತು 1713ರಲ್ಲಿ ಬರೆದ ಹಸ್ತಪ್ರತಿಯೂ ಹಾಲೆಗೆ ಹೋಯಿತು. ಅಲ್ಲಿ ಅದನ್ನು ಅಚ್ಚು ಹಾಕಲಿಲ್ಲ. ಅಚ್ಚಾದದ್ದು 1867ರಲ್ಲಿ, ಮದರಾಸಿನಲ್ಲಿ. ದೇವರುಗಳು ಇಲ್ಲಿನವು, ತೀರ್ಮಾನ ಅಲ್ಲಿನದು! ಆದ್ದರಿಂದ ನಮ್ಮಲ್ಲಿ ವಿವರದ ಚೀಟಿಯನ್ನು ಆಯಾ ಮನೆಯವರೇ ಬರೆಯಬೇಕು: ಮನೆಯಲ್ಲಿ ಅದನ್ನು ಏನೆಂದು ಕರೆಯುತ್ತೀರಿ, ಯಾರು ಬಳಸುತ್ತಿದ್ದರು, ಯಾವ ದಿನ, ಹೇಗೆ. ನಲವತ್ತು ಪದ ಸಾಕು. ‘ಅತಿ ಪ್ರಾಚೀನ’, ‘ಪರಮ ಪವಿತ್ರ’ ಎಂದು ಬರೆದರೆ ನೋಡುವವರಿಗೆ ಏನೂ ತಿಳಿಯುವುದಿಲ್ಲ.

ಕೊಡುವ ಮೊದಲು ದಯವಿಟ್ಟು ಏನನ್ನೂ ತೊಳೆಯಬೇಡಿ. ಹುಣಸೆಹಣ್ಣಿನ ಹುಳಿ ಹಿತ್ತಾಳೆಯ ಮೇಲ್ಪದರವನ್ನೇ ತಿನ್ನುತ್ತದೆ. ತಿಕ್ಕಿದಷ್ಟೂ ಕೊರೆದ ಅಕ್ಷರ ಸವೆಯುತ್ತದೆ. ಪಾಲಿಶ್ ಪುಡಿ ಸಂದಿಯಲ್ಲಿ ಬಿಳಿಯಾಗಿ ಉಳಿದು ತೇವ ಹಿಡಿಯುತ್ತದೆ. ತಾಳೆಗರಿಗೆ ಎಣ್ಣೆ ಸವರಬೇಡಿ, ಅಂಟಿಕೊಂಡ ಗರಿಗಳನ್ನು ಎಳೆದು ಬಿಡಿಸಬೇಡಿ. ಹಳೆಯ ಕಾಗದಕ್ಕೆ ಸೆಲ್ಲೋಟೇಪ್, ಲ್ಯಾಮಿನೇಶನ್ ಎರಡೂ ಬೇಡ: ಟೇಪಿನ ಅಂಟು ಕಾಲಕ್ರಮೇಣ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಲ್ಯಾಮಿನೇಶನ್ ಅನ್ನು ಮತ್ತೆ ತೆಗೆಯಲಾಗದು. ಫೋಟೊ ಗಾಜಿಗೆ ಅಂಟಿದ್ದರೆ ಚೌಕಟ್ಟಿನ ಸಮೇತ ಕಳುಹಿಸಿ. ಕಿತ್ತರೆ ಮುಖವೇ ಗಾಜಿನೊಂದಿಗೆ ಬರುತ್ತದೆ.

ಸುತ್ತಲು ಒಗೆದು ಚೆನ್ನಾಗಿ ಒಣಗಿಸಿದ ಹತ್ತಿ ಬಟ್ಟೆ ಬಳಸಿ. ನಮ್ಮ ಮುಂಬಯಿ ಹವೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಬೂಷ್ಟು ಹಿಡಿಯುತ್ತದೆ. ಹೆಸರಿನ ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ನೂಲಿನಿಂದ ಕಟ್ಟಿ. ಪಿನ್ ತುಕ್ಕು ಹಿಡಿದು ಕಲೆ ಮಾಡುತ್ತದೆ.

ಪೂಜೆಯಲ್ಲಿರುವ ಮೂರ್ತಿ, ಭೂತದ ಮೊಗ, ಮೊಹರಮ್ಮಿನ ಪಂಜಾ ಬೇಡ. ಅವುಗಳ ಫೋಟೊ ಸಾಕು, ಅದೂ ಮನೆಯ ಹಿರಿಯರು ಒಪ್ಪಿದರೆ ಮಾತ್ರ. ಚಿನ್ನ, ಬೆಳ್ಳಿ ತರಲೇಬೇಡಿ.

ವಸ್ತು ಪಡೆಯುವಾಗ ನಿಮ್ಮೆದುರೇ ಅಳತೆ ತೆಗೆದು, ಇರುವ ಬಿರುಕು, ಹರಕು ಬರೆದು, ಎರಡು ಬದಿಯ ಫೋಟೊ ಹಿಡಿಯುತ್ತೇವೆ. ರಸೀದಿಯ ಒಂದು ಪ್ರತಿ ನಿಮಗೆ, ಒಂದು ಶಾಲೆಗೆ. ಬಟ್ಟೆ, ಕಾಗದ, ತಾಳೆಗರಿಗಳನ್ನು ಕಿಟಕಿಯಿಂದ ದೂರ, 50 ಲಕ್ಸ್ ಮೀರದ ಬೆಳಕಿನಲ್ಲಿ ಇಡುತ್ತೇವೆ. ಸಭಾಂಗಣ ಸ್ವಲ್ಪ ಮಬ್ಬು ಅನ್ನಿಸಿದರೆ ಕಾರಣ ಇದೇ. ಮರಳಿ ಒಯ್ಯಲು ಮಕ್ಕಳನ್ನು ಕಳುಹಿಸದೆ ರಸೀದಿಯೊಂದಿಗೆ ನೀವೇ ಬನ್ನಿ.

ಇತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು
ಮುಂಬಯಿ