ಮಾಸ್ಕ್ ತೆಗೆದ ಮೇಲೂ ಜೊತೆಗಿದ್ದವರಿಗೆ

ಕೊರೋನಾದ ಮಾಸ್ಕ್ ನಿಯಮ ಸಡಿಲವಾದ ಮೇಲೆ ಬಸಿರಿನಲ್ಲೇ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಈಗ ಮಗು ಚೆನ್ನಾಗಿದೆ, ನಾನೂ ಚೇತರಿಸಿಕೊಂಡಿದ್ದೇನೆ. ನಡುವೆ ಏನೇನಾಯಿತು ಅನ್ನುವುದು ಇದನ್ನು ಓದುವ ಹೆಚ್ಚಿನವರಿಗೆ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ. ಯಾರು ಏನು ಮಾಡಿದರು ಅನ್ನುವುದನ್ನು ಮಾತ್ರ ವಿವರವಾಗಿ ಬರೆದಿಡಬೇಕು. ಇದೇ ಸ್ಥಿತಿಯಲ್ಲಿ ಇನ್ನೊಬ್ಬ ಶಿಕ್ಷಕಿ ತರಗತಿಗೆ ಹೋಗುವವಳಿದ್ದಾಳೆ.

ನನ್ನ ಪೀರಿಯಡ್‌ಗಳನ್ನು ಹಂಚಿಕೊಂಡ ಸಹೋದ್ಯೋಗಿಗಳು, ನೆಲಮಹಡಿಯ ಕೋಣೆ ಕೊಟ್ಟ ಮುಖ್ಯೋಪಾಧ್ಯಾಯರು, ನೆಗಡಿಯಾದ ಮಗುವನ್ನು ಮನೆಯಲ್ಲೇ ಉಳಿಸಿಕೊಂಡ ತಂದೆತಾಯಂದಿರು, ಕೊನೆಯ ವಾರಗಳಲ್ಲಿ ಎದುರಿಗೆ ಕೂತು ನನ್ನ ಸಂದೇಹಗಳಿಗೆಲ್ಲ ಉತ್ತರ ಕೊಟ್ಟ ವೈದ್ಯೆ, ಎಲ್ಲರಿಗೂ ಮನಸಾರೆ ವಂದನೆ.

ಇನ್ನು ಅಕ್ಕ. ಶಾಲೆಯಲ್ಲಿ ಅವರು ವಿಜ್ಞಾನದ ಟೀಚರ್. ನನಗೆ ಮೊದಲಿನಿಂದಲೂ ಅಕ್ಕ.

ಮಾಸ್ಕ್ ಕಡ್ಡಾಯವಿದ್ದಾಗ ಗರ್ಭಿಣಿ ಶಿಕ್ಷಕಿ ಯಾರ ಹತ್ತಿರವೂ ಏನೂ ಕೇಳಬೇಕಿರಲಿಲ್ಲ. ನಿಯಮ ಸಡಿಲವಾದ ದಿನದಿಂದ ಎಲ್ಲವನ್ನೂ ಬಾಯಿಬಿಟ್ಟು ಕೇಳಬೇಕು: ಕಿಟಕಿ ತೆರೆಯಿರಿ, ಸ್ವಲ್ಪ ದೂರ ಕೂರಿ, ಕೆಮ್ಮು ಬಂದರೆ ಹೇಳಿ. ಕೇಳಿ ಕೇಳಿ ನಾಲಿಗೆ ಸೋಲುತ್ತದೆ. ಎದುರಿನವರ ಮುಖದಲ್ಲಿ ‘ಇನ್ನೂ ಇದೆಯಾ ಈ ಕೊರೋನಾ?’ ಅನ್ನುವುದು ಕಾಣುತ್ತದೆ. ಆದರೆ ದೇಹ ಸಡಿಲಿಕೆಯ ಆದೇಶ ಓದುವುದಿಲ್ಲ. ಬಸಿರಿನಲ್ಲಿ ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಸುಮಾರು 4 ಸೆಂಟಿಮೀಟರ್ ಮೇಲೇರುತ್ತದೆ, ಆಮ್ಲಜನಕದ ಬೇಡಿಕೆ ಸುಮಾರು ಶೇ. 20ರಷ್ಟು ಹೆಚ್ಚುತ್ತದೆ, ಉಸಿರು ಬಿಟ್ಟ ಮೇಲೆ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಕಡಿಮೆಯಾಗುತ್ತದೆ. ಸೋಂಕು ಶ್ವಾಸಕೋಶಕ್ಕೆ ಇಳಿದರೆ ತಡೆದುಕೊಳ್ಳುವ ಮೀಸಲೇ ಕಡಿಮೆ. ತೀವ್ರ ಕೋವಿಡ್ ಆದರೆ ಅವಧಿಗೆ ಮುಂಚಿನ ಹೆರಿಗೆಯ ಅಪಾಯವೂ ಹೆಚ್ಚು.

ಅಕ್ಕ ಮಾಡಿದ್ದು ಇಷ್ಟು: ನಾನು ಕೇಳಬೇಕಾದದ್ದನ್ನೆಲ್ಲ ಕೋಣೆಯ ದಿನಚರಿ ಮಾಡಿಬಿಟ್ಟರು.

ಮೊದಲು ಗಾಳಿ. ಒಂದೇ ಬದಿಯ ಕಿಟಕಿ ತೆರೆದು ಸೀಲಿಂಗ್ ಫ್ಯಾನ್ ಹಾಕಿದರೆ ಒಳಗಿನ ಗಾಳಿಯೇ ಸುತ್ತುತ್ತದೆ, ಅಷ್ಟಾಗಿ ಬದಲಾಗುವುದಿಲ್ಲ. ಅವರು ಒಂದು ಕಿಟಕಿಯಲ್ಲಿ ಟೇಬಲ್ ಫ್ಯಾನನ್ನು ಹೊರಮುಖವಾಗಿ ಇಟ್ಟು ಎದುರಿನ ಬಾಗಿಲು ತೆರೆಸಿದರು. ಮಕ್ಕಳು ಬರುವ 15 ನಿಮಿಷ ಮೊದಲೇ ಅದು ಓಡುತ್ತಿರಬೇಕು. ನಾವು ಬಿಟ್ಟ ಉಸಿರು ಕೋಣೆಯಲ್ಲಿ ಎಷ್ಟು ಉಳಿದಿದೆ ಎಂದು ಅಂದಾಜು ಕೊಡುವ ಇಂಗಾಲದ ಡೈಆಕ್ಸೈಡ್ ಮೀಟರನ್ನು ಕೂತ ಮಕ್ಕಳ ಮೂಗಿನ ಎತ್ತರದಲ್ಲಿ, ಕಿಟಕಿಯಿಂದಲೂ ಬಾಯಿಯಿಂದಲೂ ದೂರವಿಟ್ಟರು. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ (ಹತ್ತು ಲಕ್ಷದಲ್ಲಿ 420 ಪಾಲು) ತೋರಿಸುತ್ತದೆ. ನಾವು ದಾಟಬಾರದೆಂದು ಇಟ್ಟುಕೊಂಡ ಗೆರೆ 800. ತುಂಬಿದ ಕೋಣೆಯ ಬಾಗಿಲು ಮುಚ್ಚಿದರೆ ಒಂದೇ ಪೀರಿಯಡ್‌ನಲ್ಲಿ 1,500 ದಾಟಬಹುದು. ಮೀಟರ್ ನೋಡಿ ಕಿಟಕಿ ತೆರೆಯುವ ಕೆಲಸವನ್ನು ಮಕ್ಕಳಿಗೇ ವಹಿಸಿದರು. ಆಮೇಲೆ ನಾನು ಹೇಳುವ ಪ್ರಮೇಯವೇ ಬರಲಿಲ್ಲ.

ಚಳಿಗೆ, ಮಳೆಗೆ ಕಿಟಕಿ ಮುಚ್ಚಲೇಬೇಕಾದ ದಿನಗಳಿಗಾಗಿ ಫಿಲ್ಟರ್ ಪೆಟ್ಟಿಗೆ ಕಟ್ಟಿದರು. ಅಮೆರಿಕದ ಎಂಜಿನಿಯರ್ ರಿಚರ್ಡ್ ಕೋರ್ಸಿ ಮತ್ತು ಫಿಲ್ಟರ್ ತಯಾರಕ ಜಿಮ್ ರೋಸೆಂತಾಲ್ 2020ರಲ್ಲಿ ರೂಪಿಸಿದ ವಿನ್ಯಾಸದ ಒಂದು ರೂಪ: 20 ಇಂಚಿನ ನಾಲ್ಕು ಮರ್ವ್-13 (ಸಣ್ಣ ಕಣಗಳನ್ನೂ ಹಿಡಿಯುವ ದರ್ಜೆಯ) ಫಿಲ್ಟರ್‌ಗಳೇ ನಾಲ್ಕು ಗೋಡೆ, ಕೆಳಗೆ ರಟ್ಟು, ಮೇಲೆ 20 ಇಂಚಿನ ಚೌಕ ಫ್ಯಾನ್, ಗಾಳಿ ಮೇಲಕ್ಕೆ ಹೊರಹೋಗುವಂತೆ. ಫಿಲ್ಟರಿನ ಅಂಚಿನ ಬಾಣ ಪೆಟ್ಟಿಗೆಯ ಒಳಕ್ಕೆ ತೋರಿಸಬೇಕು. ಫ್ಯಾನಿನ ನಾಲ್ಕು ಮೂಲೆಗಳಿಗೆ ರಟ್ಟು ಹೊದಿಸದಿದ್ದರೆ ಗಾಳಿ ಅಲ್ಲಿಂದಲೇ ಹಿಂದಕ್ಕೆ ನುಗ್ಗಿ ಒಂದಷ್ಟು ಶ್ರಮ ವ್ಯರ್ಥ. ಸಂದುಗಳಿಗೆಲ್ಲ ಟೇಪ್. ಗೋಡೆಗೆ ತಾಗಿಸಿ ಇಡಬಾರದು, ನಾಲ್ಕೂ ಬದಿಯಿಂದ ಗಾಳಿ ಎಳೆಯಬೇಕು. ಪೆಟ್ಟಿಗೆ ಓಡುತ್ತಿದ್ದರೂ ಮೀಟರಿನ ಅಂಕಿ ಇಳಿಯುವುದಿಲ್ಲ ಎಂದು ಅದನ್ನು ಮೂಲೆಗೆ ಸರಿಸುವವರಿದ್ದಾರೆ. ಫಿಲ್ಟರ್ ಹಿಡಿಯುವುದು ಕಣಗಳನ್ನು, ಅನಿಲವನ್ನಲ್ಲ. ವೈರಸ್ ಹೊತ್ತ ಕಣ ಕಡಿಮೆಯಾದರೂ ಇಂಗಾಲದ ಡೈಆಕ್ಸೈಡ್ ಹಾಗೇ ಇರುತ್ತದೆ.

ಪೆಟ್ಟಿಗೆ ಸೋಲುವುದು ಸದ್ದಿನಿಂದ. ಪೂರ್ಣ ವೇಗದಲ್ಲಿ ಓಡಿಸಿದರೆ ಪಾಠ ಕೇಳುವುದಿಲ್ಲ, ಟೀಚರ್ ಆಫ್ ಮಾಡಿಬಿಡುತ್ತಾರೆ. ಅಕ್ಕ ಅದನ್ನು ಮಧ್ಯಮ ವೇಗಕ್ಕಿಟ್ಟು ನನಗೊಂದು ಪುಟ್ಟ ಮೈಕ್ ತಂದರು. ಅದರ ಬೆಲ್ಟ್ ಸೊಂಟಕ್ಕೆ ಕಟ್ಟುವಂಥದ್ದು, ಏಳು ತಿಂಗಳ ಹೊಟ್ಟೆಗೆ ಆಗದು, ಹೆಗಲಿಗೆ ತೂಗುಹಾಕುವಂತೆ ಪಟ್ಟಿ ಬದಲಿಸಿಕೊಟ್ಟರು. ಎನ್-95 ಹಾಕಿಕೊಂಡು ಕೂಗಿ ಪಾಠ ಮಾಡುವವಳಿಗೆ ಉಸಿರು ಕಟ್ಟುವುದು ಹೆಚ್ಚಾಗಿ ಕೂಗಿನಿಂದ. ಧ್ವನಿ ತಗ್ಗಿದ ಮೇಲೆ ಮಾಸ್ಕ್ ಸಹ್ಯವಾಯಿತು. ಕಿವಿಗಲ್ಲದೆ ತಲೆಯ ಹಿಂದಕ್ಕೆ ಹೋಗುವ ಪಟ್ಟಿಯದೇ ಬೇಕು, ಮೂಗಿನ ತಂತಿಯನ್ನು ಎರಡೂ ಕೈಬೆರಳಿನಿಂದ ಒತ್ತಬೇಕು, ಕನ್ನಡಕ ಮಂಜಾದರೆ ಮೇಲಿನಿಂದ ಗಾಳಿ ಸೋರುತ್ತಿದೆ ಎಂದರ್ಥ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಮಾಸ್ಕ್ ತೆಗೆದು ಉಣ್ಣುತ್ತಾರೆ, ಕೋಣೆಯೂ ಚಿಕ್ಕದು. ತರಗತಿಗಿಂತ ಅಲ್ಲೇ ಭಯ ಜಾಸ್ತಿ. ನನ್ನ ಊಟದ ಕುರ್ಚಿಯನ್ನು ಅವರು ಹೊರಗೆ ಹಾಕಿಸಿದರು, ತಮ್ಮದನ್ನೂ ಪಕ್ಕದಲ್ಲೇ ಹಾಕಿಕೊಂಡರು.

ಮಾಸ್ಕ್ ಹೋದ ಮೇಲೆ ಶಾಲೆಗೆ ಮರಳಿದ್ದು ಕೋವಿಡ್ ಒಂದೇ ಅಲ್ಲ ಎಂದು ಮೊದಲು ಹೇಳಿದವರೂ ಅವರೇ. ಗೈರಾದ ಮಗುವಿನ ಮನೆಗೆ ಫೋನ್ ಮಾಡಿ ಮೈಮೇಲೆ ಗುಳ್ಳೆ ಎದ್ದಿದೆಯಾ, ಕೆನ್ನೆ ಕೆಂಪಾಗಿದೆಯಾ ಎಂದು ಕೇಳುತ್ತಿದ್ದರು. ಚಿಕನ್‌ಪಾಕ್ಸ್ ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಹರಡುತ್ತದೆ. ಕೆನ್ನೆ ಕೆಂಪಾಗಿಸುವ ಪಾರ್ವೊ ವೈರಸ್ ಬಸಿರಿನ ಮೊದಲ 20 ವಾರಗಳಲ್ಲಿ ಹೆಚ್ಚು ಚಿಂತೆಯದು. ನಿಮಗೆ ಮೊದಲೇ ಚಿಕನ್‌ಪಾಕ್ಸ್ ಆಗಿತ್ತೋ ಇಲ್ಲವೋ ನೆನಪಿಲ್ಲದಿದ್ದರೆ ಆರಂಭದಲ್ಲೇ ರಕ್ತ ಪರೀಕ್ಷೆ ಮಾಡಿಸಿ. ಅದರ ಲಸಿಕೆಯನ್ನು ಬಸಿರಿನಲ್ಲಿ ಕೊಡುವುದಿಲ್ಲ. ರಕ್ಷಣೆಯಿಲ್ಲದವರು ಸೋಂಕಿಗೆ ಒಡ್ಡಿಕೊಂಡರೆ 10 ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೊಡಬಹುದು, ಬೇಗ ಕೊಟ್ಟಷ್ಟೂ ಒಳ್ಳೆಯದು. ಸೋಂಕಿಗೆ ಒಡ್ಡಿಕೊಂಡದ್ದನ್ನು ಅಂದೇ ವೈದ್ಯರಿಗೆ ತಿಳಿಸಬೇಕು.

ಇಷ್ಟೆಲ್ಲ ಇದ್ದೂ ಜ್ವರ ಬಂತು. ಆ ರಾತ್ರಿ ಅಕ್ಕ ಮಾಸ್ಕ್ ಹಾಕಿಕೊಂಡು, ಕಿಟಕಿ ತೆರೆದು, ನನ್ನ ಕೋಣೆಯಲ್ಲೇ ಕೂತಿದ್ದರು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಐಬುಪ್ರೊಫೆನ್ ಬೇಡ ಎಂದು ಮೊದಲೇ ವೈದ್ಯರಿಂದ ಕೇಳಿ ಬರೆದುಕೊಂಡಿದ್ದರು. ಆಕ್ಸಿಮೀಟರ್ ಹಾಕುವ ಮುನ್ನ ನನ್ನ ತಣ್ಣನೆಯ ಬೆರಳನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಿದ್ದರು. ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅಂಕಿ ತಪ್ಪು ಬರುತ್ತದೆ. ಗರ್ಭಿಣಿಗೆ ರಕ್ತದ ಆಮ್ಲಜನಕ ಶೇ. 95ಕ್ಕಿಂತ ಕೆಳಗಿಳಿದರೆ ಮನೆಯಲ್ಲಿ ಕಾಯುವಂತಿಲ್ಲ.

ಅಕ್ಕಾ, ಒಂದು ಹೊತ್ತಿನಲ್ಲಿ ಮಗು ಮಿಸುಕಲಿಲ್ಲ. ನಾನು ನಿಮ್ಮ ಕೈ ಹಿಡಿದು ಏನು ಕೇಳಿದೆನೋ ಅದನ್ನು ಇಲ್ಲಿ ಬರೆಯಲಾರೆ. ಇವತ್ತಿಗೂ ನೆನೆದರೆ ಗಂಟಲು ಕಟ್ಟುತ್ತದೆ. ನೀವು ಸುಳ್ಳು ಸಮಾಧಾನ ಹೇಳಲಿಲ್ಲ. “ಬೆಳಗಾಗಲಿ ಅಂತ ಕಾಯೋದು ಬೇಡ, ಏಳು ತಾಯಿ, ಹೋಗೋಣ” ಅಂದಿರಿ, ಅಷ್ಟೇ.

ಇದನ್ನು ಎಲ್ಲ ಗರ್ಭಿಣಿಯರಿಗೂ ಹೇಳಬೇಕು: ಮಗುವಿನ ಚಲನೆ ಕಡಿಮೆಯಾಯಿತು ಅನ್ನಿಸಿದರೆ, ಜ್ವರವಿರಲಿ ಇಲ್ಲದಿರಲಿ, ಎಷ್ಟೇ ಹೊತ್ತಾಗಿರಲಿ, ತಕ್ಷಣ ಆಸ್ಪತ್ರೆಗೆ ಹೋಗಿ. ಹೋದಮೇಲೆ ಎಲ್ಲ ಸರಿಯಿದೆ ಅಂದರೂ ಯಾರೂ ಬೈಯುವುದಿಲ್ಲ.

ಮೀಟರ್, ಮೈಕ್, ಪೆಟ್ಟಿಗೆ ಈಗ ಪಕ್ಕದ ತರಗತಿಯ ಟೀಚರ್ ಹತ್ತಿರ ಇವೆ, ಅವರಿಗೆ ಈಗ ಐದನೇ ತಿಂಗಳು. ಪೆಟ್ಟಿಗೆಯ ಫಿಲ್ಟರ್ ಬೂದುಬಣ್ಣಕ್ಕೆ ತಿರುಗಿ ಗಾಳಿಯ ಎಳೆತ ಕುಗ್ಗಿದೆ, ಬದಲಿಸಬೇಕು. ಒಗೆಯಬೇಡಿ, ನೆನೆದರೆ ಅದರ ಹಿಡಿಯುವ ಗುಣ ಹಾಳಾಗುತ್ತದೆ. ಹೊಸ ನಾಲ್ಕನ್ನು ನಾನು ಕಳಿಸುತ್ತಿದ್ದೇನೆ. ಕಟ್ಟುವಾಗ ಬಾಣದ ದಿಕ್ಕನ್ನು ಅಕ್ಕನಿಗೆ ಒಮ್ಮೆ ತೋರಿಸಿ.