ಬೇರಿಯಂ ಎಕ್ಸ್‌-ರೇ ಒಂದೇ ಸಾಲದು

ಮಾನ್ಯರೇ,

ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಅನ್ನನಾಳದ ಒಳಪದರದಲ್ಲಿ ಸೇರಿಕೊಂಡು ತರುವ ಇಯೊಸಿನೊಫಿಲಿಕ್ ಅನ್ನನಾಳ ಉರಿಯೂತದಲ್ಲಿ ನುಂಗುವುದು ಸಲೀಸಾದ ಮಾತ್ರಕ್ಕೆ ಉರಿಯೂತ ಇಳಿದಿದೆ ಎನ್ನಲಾಗದು. ಎಕ್ಸ್‌-ರೇಯಲ್ಲಿ ಎದ್ದು ಕಾಣುವ ಬೇರಿಯಂ ದ್ರವ ಕುಡಿಸಿ ತೆಗೆಯುವ ಚಿತ್ರ, ಜೊತೆಗೆ ನುಂಗಿಸುವ 13 ಮಿ.ಮೀ. ಬೇರಿಯಂ ಮಾತ್ರೆ, ನಾಳ ಎಲ್ಲಿ ಕಿರಿದಾಗಿದೆ ಎಂಬುದನ್ನು ಚೆನ್ನಾಗಿ ತೋರಿಸುತ್ತವೆ. ಎಂಡೋಸ್ಕೋಪಿಯ ಕಣ್ಣು ತಪ್ಪಿದ್ದೂ ಕೆಲವೊಮ್ಮೆ ಇಲ್ಲಿ ಸಿಗುತ್ತದೆ. ಆದರೆ ಒಳಪದರದ ಇಯೊಸಿನೊಫಿಲ್‌ಗಳನ್ನು ಈ ಎಕ್ಸ್‌-ರೇ ಎಣಿಸದು; ಅದಕ್ಕೆ ಒಳಪದರದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಬೇಕು. ಉರಿಯೂತ ತೇಪೆ ತೇಪೆಯಾಗಿರುವುದರಿಂದ ಬಯಾಪ್ಸಿಗೂ ಕನಿಷ್ಠ 6 ಚೂರು, ನಾಳದ ಬೇರೆಬೇರೆ ಭಾಗಗಳಿಂದ ಬೇಕು.

ನಮಗೆ ಭರವಸೆ ಮೂಡಿಸಿರುವುದು ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ವಸ್ತುವನ್ನು ಹೆಪಾರಿನ್‌ಗೆ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ಬೆಸೆದು ಮಾಡುವ ಸ್ಕ್ಯಾನ್. ಇಯೊಸಿನೊಫಿಲ್ ಸುರಿಸುವ ಪ್ರೋಟೀನಿನದು ಧನ ವಿದ್ಯುದಂಶ, ಹೆಪಾರಿನ್‌ನದು ಋಣ. ಅವೆರಡೂ ಅಂಟಿಕೊಂಡ ಜಾಗ ಚಿತ್ರದಲ್ಲಿ ಹೊಳೆಯುತ್ತದೆ. ಆದರೆ ಇದಿನ್ನೂ ಸಂಶೋಧನೆಯ ಹಂತದಲ್ಲಿದೆ. ಅದು ಬಳಕೆಗೆ ಬರುವವರೆಗೆ, ಔಷಧ ಇಲ್ಲವೇ ಆಹಾರ ಬದಲಿಸಿದ 8ರಿಂದ 12 ವಾರಕ್ಕೆ ಮಾಡಿಸಬೇಕಾದ ಬಯಾಪ್ಸಿಯನ್ನು ದಯವಿಟ್ಟು ತಪ್ಪಿಸಬೇಡಿ.

– ಜಠರ-ಕರುಳು ರೋಗ ತಜ್ಞರು