ಮಳೆಗಾಲದಲ್ಲಿ ಪೆಟ್ರೋಲ್ ಹಾಕಿಸಿದ ಮೇಲೆ ಗಾಡಿ ಜಗ್ಗಿದರೆ

ಎಲ್ಲರಿಗೂ ನಮಸ್ಕಾರ. ಬಂಕಿನಿಂದ ಹೊರಟ ಸ್ವಲ್ಪ ಹೊತ್ತಿಗೇ ಗಾಡಿ ಜಗ್ಗಿ ಆಫ್ ಆದರೆ ಮೊದಲು ಪೆಟ್ರೋಲಿಗೆ ನೀರು ಸೇರಿದೆಯಾ ನೋಡಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತೆ. ಅದು ನೀರು ಹೀರುತ್ತೆ. ನೀರು ಜಾಸ್ತಿಯಾದರೆ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ಪಂಪ್ ಎಳೆಯೋದೂ ತಳದಿಂದಲೇ!

ಸುಮ್ಮನೆ ಸೆಲ್ಫ್ ಹೊಡೀತಾ ಇರಬೇಡಿ, ಬ್ಯಾಟರಿ ಕೂತುಬಿಡುತ್ತೆ. ಟೋ ಮಾಡಿಸಿ, ಟ್ಯಾಂಕ್ ಖಾಲಿ ಮಾಡಿಸಿ, ಫಿಲ್ಟರ್ ನೋಡಿಸಿ. ತೆಗೆದ ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲಿ ಸ್ವಲ್ಪ ಹೊತ್ತು ಅಲುಗಾಡಿಸದೆ ಇಟ್ಟರೆ ಕೆಳಗಿನ ಪದರ ಕಣ್ಣಿಗೇ ಕಾಣುತ್ತೆ. ಅದರ ಫೋಟೋ ಮತ್ತು ಬಿಲ್ ಬಂಕಿನವರಿಗೆ ತೋರಿಸಿ.

ಆಮೇಲೂ ಜಗ್ಗಿದರೆ ಪ್ಲಗ್, ಇಂಜೆಕ್ಟರ್ (ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸೋ ಭಾಗ) ಕಡೆ ಹೋಗಿ. ಟ್ಯಾಂಕ್ ಮುಟ್ಟದೆಯೇ ಇಂಜೆಕ್ಟರ್ ಬದಲಿಸೋಣ ಅನ್ನೋ ಗ್ಯಾರೇಜಿಗೆ ಕೈಮುಗಿದು ಬನ್ನಿ.